ಅಕ್ಕನ ಒಂದೆಲಗದ ತಂಬುಳಿ

ಈಗ ಹೇಗಿದ್ದೀರಿ ಎಂದು ಕೇಳುವವರು ಕಡಿಮೆಯಾಗಿದ್ದಾರೆ. ಒಳ್ಳೆಯದೇ ಆಯಿತು. ಉತ್ತರ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಹುಷಾರಾಗಿದ್ದೇನೆ ಎಂದರೆ ಸುಳ್ಳಾಗುತ್ತದೆ. ಇಲ್ಲ ಎಂದರೆ ಎದುರಿನವರು ಸ್ಟೂಲು ಎಳೆದುಕೊಂಡು ಕೂತು ತಮ್ಮ ಮಂಡಿನೋವಿನ ಕಥೆ ಶುರುಮಾಡುತ್ತಾರೆ. ಕೊಪ್ಪದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸು, ಲಂಗ, ಶಾಲೆ ಮಕ್ಕಳ ಯೂನಿಫಾರಂ. ಕಾಲು ಆಡಿಸಿದರೆ ಮಾತ್ರ ನನಗೆ ಅನ್ನ. ಹೊಟ್ಟೆಯಲ್ಲಿ ಶುರುವಾದ ಕಾಯಿಲೆ ಕೊನೆಗೆ ಬಂದು ಕೂತಿದ್ದು ಆ ಕಾಲಿನಲ್ಲೇ. ಹೊಟ್ಟೆ ಕೆಟ್ಟು, ಎದ್ದು, ಬದುಕಿದೆ ಎಂದುಕೊಳ್ಳುವಷ್ಟರಲ್ಲಿ ಮಂಡಿ ಊದಿಸಿಕೊಂಡು, ಇದೆಂತ ಹೊಸ ಪೀಡೆ ಎಂದು ಹೆದರಿಕೊಂಡು ಕೂತವರು ಎಲ್ಲಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮೊಬ್ಬರಿಗೇ ಹೀಗಾಗಿದ್ದಲ್ಲ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ನನ್ನ ಕಾಯಿಲೆಯಲ್ಲಿ ನನ್ನ ಅಕ್ಕನೂ ಇದ್ದಾಳೆ, ಅವಳನ್ನು ಬಿಟ್ಟು ಹೇಳುವುದಕ್ಕೆ ಆಗುವುದಿಲ್ಲ.

ಅಕ್ಕ ಸುಮಿತ್ರ ಇರುವುದು ನರಸಿಂಹರಾಜಪುರದ ಕಡೆ, ಶೆಟ್ಟಿಕೊಪ್ಪದಲ್ಲಿ. ಅಮ್ಮ ಹೋದಾಗ ನಾನಿನ್ನೂ ಸಣ್ಣವಳು, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ಅವಳೇ. ಭಾವ ತೀರಿಕೊಂಡ ಮೇಲೆ ಮಗನ ಜೊತೆ ಇದ್ದಾಳೆ. ಅವಳ ಕೈಗುಣ ಸುತ್ತಲಿನವರಿಗೆಲ್ಲ ಗೊತ್ತು. ಅವಳು ನೆಟ್ಟ ಕಡ್ಡಿ ಚಿಗುರುತ್ತದೆ, ಅವಳು ಹಾಕಿದ ಹೆಪ್ಪು ಚಾಕುವಿನಲ್ಲಿ ಕೊಯ್ಯುವ ಹಾಗೆ ಬರುತ್ತದೆ, ಅವಳು ನೀವಿದರೆ ಉಳುಕು ಇಳಿಯುತ್ತದೆ. ಯಾರ ಮನೆಯ ಮಗುವಿಗೆ ಹೊಟ್ಟೆ ಸರಿಯಿಲ್ಲದಿದ್ದರೂ ಸುಮಿತ್ರಕ್ಕನ ಹತ್ತಿರ ಕೇಳಿ ಬನ್ನಿ ಎನ್ನುತ್ತಾರೆ. ಅವಳಿಗೂ ಅದರಲ್ಲಿ ಸ್ವಲ್ಪ ಜಂಬ ಇತ್ತು. ಇಲ್ಲ ಎಂದರೆ ಅವಳೇ ಒಪ್ಪುವುದಿಲ್ಲ.

ಅವಳ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು, ನಮ್ಮ ಮನೆಯಿಂದ ನಾನೊಬ್ಬಳೇ ಹೋಗಿದ್ದೆ. ಮಳೆ ಇನ್ನೂ ಹಿಡಿದಿರಲಿಲ್ಲ, ಸೆಕೆಗೆ ಬೆನ್ನಿಗೆ ಅಂಟಿದ ಬ್ಲೌಸು ಬಿಡುತ್ತಿರಲಿಲ್ಲ. ಅಡುಗೆಗೆ ಶೃಂಗೇರಿಯಿಂದ ಗಣಪಯ್ಯನವರು ಬಂದಿದ್ದರು. ನಮ್ಮ ಕುಟುಂಬದ ಯಾವ ಕಾರ್ಯಕ್ಕೂ ಅವರೇ. ಆದರೆ ಅಡುಗೆಯವರನ್ನು ಕರೆಸಿದರೂ ತಂಬುಳಿ ಮಾತ್ರ ಮನೆಯ ಹೆಂಗಸೇ ಮಾಡುವುದು ಅಕ್ಕನ ಪದ್ಧತಿ.

"ಮಜ್ಜಿಗೆಹುಳಿ ಉಂಟಲ್ಲ ಅಮ್ಮ, ಮತ್ತೆ ತಂಬುಳಿ ಯಾಕೆ" ಎಂದರು ಗಣಪಯ್ಯನವರು.

"ಈ ಸೆಕೆಗೆ ತಂಬುಳಿ ಇಲ್ದೆ ಊಟ ಎಂತದ್ದು? ಉಳಿದದ್ದು ನೀವು ನೋಡ್ಕಳಿ ಗಣಪಯ್ಯನವ್ರೇ, ತಂಬುಳಿ ನಂದು" ಎಂದಳು ಅಕ್ಕ.

ಬಚ್ಚಲ ಹಿಂದೆ, ನೀರು ಹರಿದು ಹೋಗುವ ಕಡೆ ಅವಳ ಒಂದೆಲಗದ ಪಾತಿ ಇದೆ. ಎಂಥ ಬೇಸಿಗೆಯಲ್ಲೂ ಅಲ್ಲಿ ಹಸಿರು ಬತ್ತುವುದಿಲ್ಲ. ಬಚ್ಚಲ ನೀರು ಬೀಳುತ್ತದೆ, ಗೋಬರ್ ಗ್ಯಾಸಿನ ಗುಂಡಿ ತುಂಬಿದರೆ ಆ ಬಗ್ಗಡವೂ ಅಲ್ಲಿಗೇ ಇಳಿಯುತ್ತದೆ. ಎಲೆ ಒಂದೊಂದೂ ರೂಪಾಯಿಗಿಂತ ಅಗಲ. ಅದನ್ನು ಕಿತ್ತು, ತೊಳೆದು, ಕಾಯಿತುರಿ ಜೀರಿಗೆ ಜೊತೆ ಹಸಿಯಾಗಿಯೇ ರುಬ್ಬಿ ಮಜ್ಜಿಗೆಗೆ ಕಲಸಿದಳು. ಬಂದವರೆಲ್ಲ ಲೋಟದಲ್ಲಿ ಹಾಕಿಸಿಕೊಂಡು ಕುಡಿದೆವು. ನಾನು ಎರಡು ಸಲ ಹಾಕಿಸಿಕೊಂಡೆ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಆ ಬಿಸಿಲಿನಲ್ಲಿ ನನಗೆ ಚಳಿ ಶುರುವಾಯಿತು. ತೋಳು ತಿರುಗಾಮುರುಗಾ ಹೊಲಿದಿದ್ದೇನೆ ಎಂಬುದೂ ಗೊತ್ತಾಗಲಿಲ್ಲ. ಮುಂದಿನದನ್ನು ವಿವರಿಸಬೇಕಾಗಿಲ್ಲ, ಹೊಟ್ಟೆ ಕೆಟ್ಟವರಿಗೆಲ್ಲ ಗೊತ್ತಿರುವುದೇ. ಮನೆಯ ಬಚ್ಚಲಿಗೂ ಮಂಚಕ್ಕೂ ಅಷ್ಟು ದೂರ ಇದೆಯೆಂದು ನನಗೆ ಮೊದಲು ತಿಳಿದಿರಲಿಲ್ಲ. ನಮ್ಮನೆಯವರು ಗೂಡ್ಸ್ ಆಟೋ ಓಡಿಸುತ್ತಾರೆ. ಸಿಮೆಂಟಿನ ಚೀಲ ಹಾಕುವ ಜಾಗದಲ್ಲಿ ಹಾಸಿಗೆ ಹಾಕಿ ನನ್ನನ್ನು ಆಸ್ಪತ್ರೆಗೆ ತಂದರು. ಮುಂದೆ ಕೂತುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಾರ್ಡಿಗೆ ಹೋಗಿ ನೋಡಿದರೆ ಪೂಜೆಗೆ ಬಂದವರೆಲ್ಲ ಅಲ್ಲಿ ಮತ್ತೆ ಸೇರಿದ್ದರು. ಮಡಿಸೀರೆ ಹೋಗಿ ನೈಟಿ ಬಂದಿತ್ತು, ಅಷ್ಟೇ ವ್ಯತ್ಯಾಸ. ನೆಂಟರನ್ನು ನೋಡಿ ನಗುವುದಕ್ಕೂ ಯಾರಿಗೂ ತ್ರಾಣ ಇರಲಿಲ್ಲ. ಡಾಕ್ಟರಮ್ಮ ಇನ್ನೂ ಎಳೆ ವಯಸ್ಸಿನವರು, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಒಬ್ಬೊಬ್ಬರ ಕೈಗೂ ಸಣ್ಣ ಡಬ್ಬಿ ಕೊಡಿಸಿದರು. ಮಲ ಪರೀಕ್ಷೆಗೆ. ನಾನು ಇಷ್ಟು ವರ್ಷ ಊರಿನ ಹೆಂಗಸರ ಎದೆಸುತ್ತಳತೆ ಬರೆದುಕೊಂಡವಳು, ನಾಚಿಕೆ ಎಂಬುದು ನನಗಿಲ್ಲ ಎಂದುಕೊಂಡಿದ್ದೆ. ನನ್ನ ಹೆಸರು ಅಂಟಿಸಿದ ಆ ಡಬ್ಬಿಯನ್ನು ನಮ್ಮನೆಯವರು ಬೇಕರಿಯ ಕವರಿನಲ್ಲಿ ಸುತ್ತಿ ಕಾರಿಡಾರಿನಲ್ಲಿ ಹಿಡಿದುಕೊಂಡು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟೆ.

ಯಾರ ಬಾಯಲ್ಲಿ ಮೊದಲು ಬಂತೋ ಗೊತ್ತಿಲ್ಲ, ಸಂಜೆಯ ಹೊತ್ತಿಗೆ ವಾರ್ಡಿಗೆಲ್ಲ ಕಾರಣ ತಿಳಿದಿತ್ತು. ಪೂಜೆಯ ಬೆಳಿಗ್ಗೆ ಗಣಪಯ್ಯನವರು ಒಲೆ ಬಿಟ್ಟು ಎರಡು ಸಲ ಹಿತ್ತಲಿಗೆ ಹೋಗಿದ್ದರಂತೆ. ಹೊಟ್ಟೆ ಸರಿಯಿಲ್ಲ ಎಂದಿದ್ದರಂತೆ. ನಮ್ಮನ್ನು ನೋಡಲು ಬಂದ ಅಕ್ಕ ಅದನ್ನು ಕೇಳಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೊಟ್ಟೆ ಕೆಟ್ಟಿದ್ರೆ ಬರಬಾರ್ದಿತ್ತು ಅವ್ನು. ನನ್ನ ಮನೆ ದೇವರ ಊಟ ಹಾಳು ಮಾಡ್ದ" ಎಂದಳು.

ಅಷ್ಟು ವರ್ಷ ಗಣಪಯ್ಯನವರು ಎನ್ನುತ್ತಿದ್ದವಳು ಆ ದಿನ ಅವನು ಎಂದಳು. ಫೋನು ಮಾಡಿದವರಿಗೆಲ್ಲ ಅದನ್ನೇ ಹೇಳಿದಳು. ಅವಳಿಗೆ ಏನೂ ಆಗಿರಲಿಲ್ಲ. ಅವಳು ಮೊದಲಿನಿಂದಲೂ ಮೊಸರು ಮಜ್ಜಿಗೆ ಮುಟ್ಟುವವಳಲ್ಲ, ಅವಳ ಮಗನೋ ಸೊಪ್ಪು ಕಂಡರೆ ಮುಖ ಸಿಂಡರಿಸುವವನು. ಇದನ್ನು ಯಾರೂ ಆಗ ಯೋಚಿಸಲಿಲ್ಲ. ತಂಬುಳಿ ಹೊಟ್ಟೆಗೆ ತಂಪು, ಅದರ ಮೇಲೆ ಅನುಮಾನ ಬರುವುದಾದರೂ ಹೇಗೆ?

ಗಣಪಯ್ಯನವರ ಪರೀಕ್ಷೆಯೂ ಆಯಿತು. ನಮ್ಮೆಲ್ಲರಲ್ಲಿ ಸಿಕ್ಕ ಹುಳದ ಹೆಸರೇ ಅವರದರಲ್ಲೂ ಬಂತು. ಸಾಲ್ಮೊನೆಲ್ಲ. ಅಕ್ಕ ಆ ಹೆಸರನ್ನು ಸರಿಯಾಗಿ ಹೇಳಲು ಕಲಿತುಕೊಂಡಳು, ಏಕೆಂದರೆ ಬಹಳ ಜನಕ್ಕೆ ಹೇಳಬೇಕಿತ್ತು. ಡಾಕ್ಟರಮ್ಮ ಮಾತ್ರ ಅವಸರ ಮಾಡಬೇಡಿ ಎಂದರು.

"ಹೆಸರು ಒಂದೇ ಆದ್ರೆ ಮನೆತನ ಒಂದೇ ಅಂತಲ್ಲ. ದೊಡ್ಡ ಲ್ಯಾಬಿಗೆ ಕಳಿಸಿದ್ದೀವಿ, ಅಲ್ಲಿ ಹುಳದ ಜೀನು ಬಿಡಿಸಿ ಒಂದಕ್ಕೊಂದು ಹೋಲಿಸ್ತಾರೆ. ತಡ ಆಗ್ತದೆ" ಎಂದರು.

"ಆಗ್ಲಿ ಬಿಡಿ, ನಮ್ಗೆ ಗೊತ್ತಾಯ್ತಲ್ಲ" ಎಂದಳು ಅಕ್ಕ.

ಡಿಸ್ಚಾರ್ಜ್ ಮಾಡಿದಾಗ ಅವಳೇ ಬಂದು ನನ್ನನ್ನು ಶೆಟ್ಟಿಕೊಪ್ಪಕ್ಕೆ ಕರೆದುಕೊಂಡು ಹೋದಳು. "ನಿಂಗೆ ಅಂಗಡಿ ಮನೆ ಎರಡೂ ಆಗ್ತಿಲ್ಲ ನಾಗು, ಸ್ವಲ್ಪ ದಿನ ನನ್ನ ಹತ್ರ ಇರು" ಎಂದಳು. ನನಗೂ ಅದೇ ಬೇಕಿತ್ತು. ಬೆಳಿಗ್ಗೆ ಗಂಜಿ ಕೊಡುತ್ತಿದ್ದಳು, ತಲೆ ಬಾಚುತ್ತಿದ್ದಳು. ಮಧ್ಯಾಹ್ನ ಮೆತ್ತಗಿನ ಅನ್ನ, ಜೊತೆಗೆ ಬಟ್ಟಲು ತುಂಬ ಒಂದೆಲಗದ ತಂಬುಳಿ. ಸುಟ್ಟು ಹೋದ ಹೊಟ್ಟೆಗೆ ಅದಕ್ಕಿಂತ ಒಳ್ಳೆಯ ಔಷಧಿ ನಮ್ಮ ಕಡೆಯವರಿಗೆ ಗೊತ್ತಿಲ್ಲ. ಬೇಡ ಎಂದರೆ ಪಕ್ಕದಲ್ಲಿ ಕೂತು ಕುಡಿಸುತ್ತಿದ್ದಳು. ನನಗೆ ಅಮ್ಮನ ಮುಖ ಸರಿಯಾಗಿ ನೆನಪಿಲ್ಲ, ಇರುವುದೆಲ್ಲ ಅಕ್ಕನೇ. ಆ ದಿನಗಳಲ್ಲಿ ಕಾಯಿಲೆ ಬಿದ್ದಿದ್ದೂ ಒಳ್ಳೆಯದಾಯಿತು ಎಂದು ಒಂದೆರಡು ಸಲ ಅನಿಸಿತ್ತು.

ಆಮೇಲೆ ಎರಡನೇ ಸಲ ಬಂತು. ಮೊದಲನೆಯದು ಏನೂ ಅಲ್ಲ ಎನ್ನುವ ಹಾಗೆ ಬಂತು. ರಕ್ತವೂ ಹೋಯಿತು. ಈ ಸಲ ಶಿವಮೊಗ್ಗಕ್ಕೇ ಹೋಗಬೇಕಾಯಿತು. ದಾರಿಯಲ್ಲಿ ನನಗೆ ನಮ್ಮನೆಯವರ ಬೆನ್ನು ಕಾಣುತ್ತಿತ್ತು, ಅವರು ಏನೋ ಕೇಳುತ್ತಿದ್ದರು, ಉತ್ತರ ಹೇಳಬೇಕೆಂದರೆ ನಾಲಿಗೆ ಏಳಲಿಲ್ಲ. ಸಾಯುತ್ತೇನೆ ಎಂದು ಹೆದರಿದೆ. ಕಾಲೇಜಿಗೆ ಹೋಗುವ ಮಗಳಿಗೆ ಇನ್ನೂ ಪರೀಕ್ಷೆ ಮುಗಿದಿಲ್ಲ, ಅರ್ಧ ಹೊಲಿದ ಬಟ್ಟೆಗಳೆಲ್ಲ ಯಾರ್ಯಾರದು ಎಂದು ಯಾರಿಗೂ ಗೊತ್ತಿಲ್ಲ, ಹೀಗೇ ಏನೇನೋ. ಸಾಯುವಾಗ ದೊಡ್ಡ ಯೋಚನೆಗಳು ಬರುತ್ತವೆ ಎಂದು ಯಾರು ಹೇಳಿದರೋ, ನನಗಂತೂ ಬಂದಿದ್ದು ಫಾಲ್ಸ್ ಹಚ್ಚದೆ ಬಿಟ್ಟ ಸೀರೆಗಳ ಯೋಚನೆ.

ಕಿಡ್ನಿ ಹೋಗುತ್ತದೇನೋ ಎಂದಿದ್ದರು, ಹೋಗಲಿಲ್ಲ. ಅಲ್ಲಿ ಒಬ್ಬರು ಆಯಾ ಇದ್ದರು. ನಾನು ಹಾಸಿಗೆ ಕೆಡಿಸಿಕೊಂಡಾಗೆಲ್ಲ ಮುಖ ಒಂಚೂರೂ ಬದಲಾಯಿಸದೆ ಬಟ್ಟೆ ಬದಲಾಯಿಸಿ, "ಮಲಗಮ್ಮ, ಮಲಗು" ಎನ್ನುತ್ತಿದ್ದರು. ಅವರ ಹೆಸರು ಕೇಳುವಷ್ಟು ಎಚ್ಚರ ನನಗೆ ಬಂದಾಗ ಅವರ ಪಾಳಿ ಬೇರೆ ಕಡೆ ಹಾಕಿದ್ದರು. ಹೊರಗಿನ ಬೆಂಚಿನಲ್ಲಿ ನಮ್ಮನೆಯವರು ಕೂತೇ ಇರುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಒಂದು ದಿನ ಒಳಗೆ ಬಂದು ನನ್ನ ಕಾಲ ಬೆರಳು ಹಿಡಿದುಕೊಂಡು ಸುಮ್ಮನೆ ನಿಂತು ಹೊರಟುಹೋದರು. ಅಷ್ಟು ಸಾಕಾಗಿತ್ತು ನನಗೆ.

ಮನೆಗೆ ಬಂದ ಮೇಲೆ ಬಲಮಂಡಿ ಊದಿತು. ಆಮೇಲೆ ಹಿಮ್ಮಡಿ. ಮೂಳೆ ಡಾಕ್ಟರು ನೋಡಿ, ಹೊಟ್ಟೆಯ ಸೋಂಕು ಹೋದ ಮೇಲೆ ಕೆಲವರಿಗೆ ಹೀಗಾಗುತ್ತದೆ, ಕೆಲವರಿಗೆ ಬೇಗ ಹೋಗುತ್ತದೆ, ಕೆಲವರಿಗೆ ಇರುತ್ತದೆ ಎಂದರು. ನಾನು ಯಾವ ಕೆಲವರು ಎಂದು ಅವರು ಹೇಳಲಿಲ್ಲ. ಮಳೆಗಾಲ ಪೂರ್ತಿ ಅಂಗಡಿಯ ಷಟರ್ ಅರ್ಧ ಎತ್ತಿಕೊಂಡು ಕೂತೆ. ನಮ್ಮನೆಯವರು ಮೆಷಿನ್ನಿಗೆ ಮೋಟರು ಹಾಕಿಸಿದರು, ಎಡಗಾಲಿನಲ್ಲಿ ಒತ್ತಲು ಕಲಿತೆ. ಮೊದಲ ಸಲ ಒತ್ತಿದಾಗ ಸೂಜಿ ಓಡಿದ ರಭಸಕ್ಕೆ ಬೆರಳು ಹೋಗುವುದರಲ್ಲಿತ್ತು. ಸುಸ್ತು ಮಾತ್ರ ಯಾವ ಮಾತ್ರೆಗೂ ಬಗ್ಗಲಿಲ್ಲ. ಬಾಬಿನ್ನಿಗೆ ದಾರ ಸುತ್ತಿದರೂ ಕಣ್ಣು ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ನಾನು ಶಿವಮೊಗ್ಗದಲ್ಲಿದ್ದಾಗಲೇ ಡಾಕ್ಟರಮ್ಮ ಶೆಟ್ಟಿಕೊಪ್ಪಕ್ಕೆ ಹೋಗಿದ್ದರಂತೆ. ಪೂಜೆಯಲ್ಲಿ ಯಾರು ಏನು ತಿಂದರು ಎಂದು ಎಲ್ಲರನ್ನೂ ಕೇಳಿ, ಕೊನೆಗೆ ಒಂದೆಲಗದ ಪಾತಿ ತೋರಿಸಿ ಎಂದರಂತೆ. ಅಕ್ಕ ಖುಷಿಯಿಂದ ತಾನೇ ಬಗ್ಗಿ, ಒಳ್ಳೊಳ್ಳೆಯ ಎಲೆ ಆರಿಸಿ ಕವರು ತುಂಬಿ ಕೊಟ್ಟಳು. "ನೀವೂ ತಂಬುಳಿ ಮಾಡ್ಕಳಿ ಡಾಕ್ಟ್ರೇ, ಓದಿದವ್ರಿಗೆ ನೆನಪಿನ ಶಕ್ತಿಗೆ ಒಳ್ಳೇದು" ಎಂದಳಂತೆ. ಡಾಕ್ಟರಮ್ಮ ಕವರು ತೆಗೆದುಕೊಂಡು, ಪರೀಕ್ಷೆಗೆ ಎಂದು ಹೇಳಿ, ಉತ್ತರ ಬರುವವರೆಗೆ ಆ ಸೊಪ್ಪನ್ನು ಯಾರೂ ತಿನ್ನಬೇಡಿ ಎಂದರು. ನಾನು ಮನೆಗೆ ಬಂದ ಮೇಲೆ ಅಕ್ಕ ಫೋನಿನಲ್ಲಿ, "ಸೊಪ್ಪಿಗೂ ಸೂತಕ ಹಾಕಿ ಹೋದ್ರು ಮಾರಾಯ್ತಿ" ಎಂದು ನಕ್ಕಳು. ನಾನು ನಗಲಿಲ್ಲ. ಆ ಕ್ಷಣಕ್ಕೆ ನನಗೆ ಎಲ್ಲ ಗೊತ್ತಾಗಿಹೋಯಿತು, ಗೊತ್ತಾಗಬಾರದಿತ್ತು ಎಂದೂ ಅನಿಸಿತು.

ಮಳೆ ಕಡಿಮೆಯಾದ ಮೇಲೆ ಒಂದು ದಿನ ಮಂಡಿ ತೋರಿಸಲು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಒಳಗೆ ಕರೆದರು. ಲ್ಯಾಬಿನಿಂದ ಉತ್ತರ ಬಂದಿತ್ತು. ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ವಂಶವೃಕ್ಷದ ಹಾಗೆ ಗೆರೆಗಳು, ಕವಲುಗಳು. ನಮ್ಮ ವಾರ್ಡಿನವರೆಲ್ಲ ಒಂದೇ ಕವಲಿನಲ್ಲಿ ಒತ್ತಿಕೊಂಡಿದ್ದೆವು. ಅಕ್ಕ ಆರಿಸಿ ಕೊಟ್ಟ ಎಲೆಯ ಹುಳವೂ ಅಲ್ಲೇ ಇತ್ತು. ಗಣಪಯ್ಯನವರದು ಎಲ್ಲೋ ದೂರದಲ್ಲಿ, ಬೇರೆಯದೇ ಕೊಂಬೆಯ ತುದಿಯಲ್ಲಿ.

ನನಗೆ ತಕ್ಷಣ ಅರ್ಥವಾಯಿತು. ಎರಡು ಬ್ಲೌಸ್ ಪೀಸು ಟ್ಯೂಬ್‌ಲೈಟಿನಲ್ಲಿ ಒಂದೇ ನೀಲಿ ಕಾಣುತ್ತವೆ, ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದರೆ ಬೇರೆ ಬೇರೆ. ಇಷ್ಟು ದಿನ ನಾವೆಲ್ಲ ಟ್ಯೂಬ್‌ಲೈಟಿನಲ್ಲಿ ನೋಡಿದ್ದೆವು.

"ಅವರಿಗೆ ಆ ಬೆಳಿಗ್ಗೆ ಹೊಟ್ಟೆ ಕೆಟ್ಟಿದ್ದು ನಿಜ. ಆದ್ರೆ ನಿಮಗೆ ಬಂದಿದ್ದು ಅವರಿಂದ ಅಲ್ಲ" ಎಂದರು ಡಾಕ್ಟರಮ್ಮ.

"ನನ್ನ ಎರಡನೇ ಸಲದ್ದು?"

"ಮೊದಲನೇದೂ ಎರಡನೇದೂ ಒಂದೇ. ಅದು ನಿಮ್ಮೊಳಗೇ ಉಳಿದು ಮತ್ತೆ ಎದ್ದಿರಬಹುದು. ಇಲ್ಲ, ಮತ್ತೆ ಹೊರಗಿನಿಂದ ಬಂದಿರಬಹುದು. ಒಂದೇ ಹುಳ ಆದ್ದರಿಂದ ಯಾವುದು ಅಂತ ಇದ್ರಲ್ಲಿ ತಿಳಿಯೋದಿಲ್ಲ. ಶೆಟ್ಟಿಕೊಪ್ಪಕ್ಕೆ ನಾನೇ ಹೋಗಿ ಹೇಳ್ತೀನಿ."

"ಬೇಡ, ಅಕ್ಕನಿಗೆ ನಾನೇ ಹೇಳ್ತೀನಿ" ಎಂದೆ.

ಹೇಳಿದ್ದು ಸುಲಭ. ಮನೆಗೆ ಬಂದ ಮೇಲೆ ಆಗಲಿಲ್ಲ. ಫೋನು ಮಾಡುವುದು, ಮಳೆ ಹೇಗಿದೆ ಎಂದು ಕೇಳಿ ಇಡುವುದು. ಸಿಟ್ಟು ಇರಲಿಲ್ಲ ಎನ್ನುವುದಿಲ್ಲ, ಬಹಳ ಇತ್ತು. ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವಾಗೆಲ್ಲ ಆ ಬಚ್ಚಲ ಹಿಂದಿನ ಹಸಿರು ಕಣ್ಣ ಮುಂದೆ ಬರುತ್ತಿತ್ತು. ಇಷ್ಟು ತಿಳಿದವಳಿಗೆ ಇದು ತಿಳಿಯಬಾರದಿತ್ತೇ ಎನ್ನಿಸುತ್ತಿತ್ತು. ಮರುಗಳಿಗೆಗೆ ಅವಳು ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದು ನೆನಪಾಗಿ ಸಿಟ್ಟು ಎಲ್ಲಿ ಇಡಬೇಕೆಂದು ತಿಳಿಯುತ್ತಿರಲಿಲ್ಲ. ಇದನ್ನು ಕೇಳಿದರೆ ಅವಳು ಇನ್ನು ಯಾರಿಗೂ ಒಂದು ಲೋಟ ನೀರು ಕೊಡುವುದಕ್ಕೂ ಹೆದರುತ್ತಾಳೆ, ಅದು ನನಗೆ ಗೊತ್ತಿತ್ತು. ಹೇಳದಿದ್ದರೆ ಗಣಪಯ್ಯನವರ ಗತಿ ಏನು ಎಂಬುದೂ ಗೊತ್ತಿತ್ತು. ಶೃಂಗೇರಿ ಕಡೆಯಿಂದ ಬಟ್ಟೆ ಹೊಲಿಸಲು ಬಂದವರೊಬ್ಬರು ಅವರನ್ನು ಈಗ ಯಾರೂ ಅಡುಗೆಗೆ ಕರೆಯುವುದಿಲ್ಲ ಎಂದಿದ್ದರು.

ಕೊನೆಗೆ ನಮ್ಮನೆಯವರೇ ಆಟೋ ಬಾಗಿಲಿಗೆ ತಂದು ನಿಲ್ಲಿಸಿ, "ಹತ್ತು. ನಿಂಗೆ ನಿದ್ದೆ ಇಲ್ದೆ ನಂಗೂ ನಿದ್ದೆ ಇಲ್ಲ" ಎಂದರು.

ಅಕ್ಕ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಕವಲು, ಎಲೆ, ಗಣಪಯ್ಯನವರು, ಎಲ್ಲ. ಅವಳು ಮೊರ ಕೆಳಗಿಡಲಿಲ್ಲ. ಕಲ್ಲು ಆರಿಸುತ್ತಲೇ ಇದ್ದಳು, ಆದರೆ ಒಂದು ಕಲ್ಲೂ ಹೊರಗೆ ಬೀಳಲಿಲ್ಲ.

"ತೊಳೆದಿದ್ದೆ. ಮೂರು ನೀರಲ್ಲಿ ತೊಳೆದಿದ್ದೆ" ಎಂದಳು.

"ಗೊತ್ತು ಅಕ್ಕ."

"ನಿಂಗೆ ಎರಡನೇ ಸಲ ಬಂತಲ್ಲ. ಅದು ನಾನು ಇಲ್ಲಿ ಕುಡಿಸಿದ್ದರಿಂದ್ಲಾ?"

"ಗೊತ್ತಿಲ್ಲ."

"ನನ್ನ ಹತ್ರ ಸುಳ್ಳು ಹೇಳ್ಬೇಡ ನಾಗು."

"ಸುಳ್ಳಲ್ಲ ಅಕ್ಕ. ಒಳಗೇ ಇದ್ದದ್ದು ಮತ್ತೆ ಬಂದಿರ್ಲಿಕ್ಕೂ ಸಾಕು. ಡಾಕ್ಟ್ರಿಗೂ ಗೊತ್ತಾಗೋದಿಲ್ಲವಂತೆ, ಆ ಲ್ಯಾಬಿನವ್ರಿಗೂ ಗೊತ್ತಾಗೋದಿಲ್ಲವಂತೆ."

ಅವಳು ನನ್ನ ಮುಖ ನೋಡಿದಳು. ನಾನು ಹೇಳಿದ್ದು ಅಪ್ಪಟ ಸತ್ಯ. ಅಷ್ಟು ಸೂಕ್ಷ್ಮ ಬಿಡಿಸಿ ನೋಡುವ ಯಂತ್ರಕ್ಕೂ ಇದೊಂದು ಗೊತ್ತಾಗಲಿಲ್ಲವಲ್ಲ, ಅದೇ ನನ್ನ ಪುಣ್ಯ ಎಂದು ಆಗ ಅನ್ನಿಸಿತು. ಗೊತ್ತಾಗಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ತಿಳಿಯದು. ಅಕ್ಕ ಅಳಲಿಲ್ಲ. ಸಂಜೆ ಅವಳ ಮಗ ಬಂದಾಗ ಗುದ್ದಲಿ ಕೊಟ್ಟು ಪಾತಿ ಅಗೆಸಿದಳು. ಊಟಕ್ಕೆ ಮೊದಲು ಸಾರನ್ನು ಮತ್ತೊಮ್ಮೆ ಕುದಿಸಿ ತಂದು ಹಾಕಿದಳು, ನಾನು ನೋಡದವಳ ಹಾಗೆ ಉಂಡೆ.

ಮರುದಿನ ಅವಳೇ, "ಶೃಂಗೇರಿಗೆ ಹೋಗ್ಬೇಕು, ಬತ್ತೀಯಾ? ನಿನ್ನ ಕಾಲಿಗೆ ಆಗ್ದಿದ್ರೆ ಬೇಡ" ಎಂದಳು. ಆಗುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಗಣಪಯ್ಯನವರ ಮನೆ ಸಣ್ಣದು, ಬಾಗಿಲಲ್ಲೇ ಕಟ್ಟೆ. ಅವರು ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು, ಒಳಗೆ ಬನ್ನಿ ಎನ್ನಲಿಲ್ಲ. ಅಕ್ಕ ಚಪ್ಪಲಿಯನ್ನೂ ಬಿಡದೆ ನಿಂತಲ್ಲೇ ಹೇಳಿದಳು.

"ಗಣಪಯ್ಯನವ್ರೇ, ನಿಮ್ಮಿಂದ ಆಗಿದ್ದಲ್ಲ. ನನ್ನ ತಂಬುಳಿಯಿಂದ ಆಗಿದ್ದು. ಪರೀಕ್ಷೇಲಿ ಗೊತ್ತಾಯ್ತು. ನಾನು ನಿಮ್ಮ ಮೇಲೆ ಹಾಕಿದೆ, ತಪ್ಪಾಯ್ತು."

ಅವರು ಮತ್ತೆ ಕಟ್ಟೆಯ ಮೇಲೆ ಕೂತರು. ಪೇಪರು ಮಡಚಿದರು.

"ನಂಗೂ ಆಸ್ಪತ್ರೆಯವ್ರು ಹೇಳಿದ್ರು ಅಮ್ಮ. ನಾನಲ್ಲ ಅಂತ ನಂಗೆ ಈಗ ಗೊತ್ತು, ನಿಮ್ಗೂ ಗೊತ್ತು. ನಾವಿಬ್ರೂ ತಿಳ್ಕೊಂಡು ಎಂತ ಮಾಡೋದು? ಅವತ್ತು ಯಾರ್ಯಾರಿಗೆ ಹೇಳಿದ್ರೋ ಅವ್ರಿಗೆ ಹೇಳಿ."

ದನಿ ಏರಿಸಲಿಲ್ಲ ಅವರು. ಅವರ ಹೆಂಡತಿ ಒಳಗಿಂದ ಎರಡು ಲೋಟ ನೀರು ತಂದುಕೊಟ್ಟರು. ನಾವು ಕುಡಿದು ಹೊರಟೆವು. ಬಸ್‌ಸ್ಟ್ಯಾಂಡಿನವರೆಗೆ ಅಕ್ಕ ನನ್ನ ಕೈ ಹಿಡಿದುಕೊಂಡೇ ನಡೆದಳು. ನನ್ನ ಕಾಲಿಗಾಗಿಯೋ ಅವಳಿಗಾಗಿಯೋ ಕೇಳಲಿಲ್ಲ.

ಕೊಪ್ಪದ ಬಸ್ಸು ತುಂಬಿತ್ತು. ನನ್ನ ಕಾಲು ನೋಡಿ ಯಾರೋ ಎದ್ದು ಸೀಟು ಕೊಟ್ಟರು, ಅಕ್ಕನಿಗೂ ಪಕ್ಕದಲ್ಲಿ ಜಾಗವಾಯಿತು. ಹರಿಹರಪುರ ದಾಟಿದ ಮೇಲೆ ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದರು. ಶೆಟ್ಟಿಕೊಪ್ಪದ ಆಚೆಯವರು, ಅಕ್ಕನಿಗೆ ಪರಿಚಯ.

"ದೇವಸ್ಥಾನಕ್ಕೆ ಹೋಗಿದ್ರಾ ಸುಮಿತ್ರಕ್ಕ?"

"ಅಲ್ಲ. ಗಣಪಯ್ಯನವ್ರ ಮನೆಗೆ."

"ಅಯ್ಯೋ, ಅವ್ನ ಮನೆಗಾ? ಅವ್ನ ಅಡುಗೆ ತಿಂದೇ ಅಲ್ದಾ ನಿಮ್ಮ ಮನೇಲಿ ಅಷ್ಟೆಲ್ಲ ಆಗಿದ್ದು?"

"ಅವ್ರ ಅಡುಗೆ ಅಲ್ಲ. ನಾನು ಮಾಡಿದ ತಂಬುಳಿ."

ಬಸ್ಸು ಏರು ಹತ್ತುತ್ತಿತ್ತು, ಇಂಜಿನ್ನಿನ ಸದ್ದು. "ಎಂತ ಹೇಳಿದ್ರಿ?" ಎಂದು ಆಕೆ ಕಿವಿ ಈಚೆ ತಂದರು.

ಅಕ್ಕ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಎದ್ದು ನಿಂತಳು. "ನನ್ನ ತಂಬುಳಿ ಅಂದೆ. ನಾನು ಮಾಡಿದ ತಂಬುಳಿ ಕುಡಿದು ಎಲ್ರೂ ಮಲಗಿದ್ದು. ಗಣಪಯ್ಯನವ್ರದ್ದು ಎಂತದ್ದೂ ತಪ್ಪಿಲ್ಲ. ನನ್ನ ತಂಗಿ ಇವಳು, ನೋಡಿ, ಅದನ್ನ ಕುಡಿದೇ ಇವಳ ಕಾಲು ಹೋಗಿದ್ದು."

ಆಚೀಚೆಯ ಸೀಟಿನವರೆಲ್ಲ ನನ್ನ ಕಾಲು ನೋಡಿದರು. ಹೋಗಿಲ್ಲ ಅಕ್ಕ, ಊದಿದೆ ಅಷ್ಟೆ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಹಿಂದಿನ ಸೀಟಿನವರ ಕಡೆ ತಿರುಗಿ ಮೊದಲಿನಿಂದ ಹೇಳಲು ಶುರುಮಾಡಿದ್ದಳು.